ಅಣ್ಣ ಆರಿಸಿಕೊಂಡ ದಾರಿ

ನಮ್ಮ ಮನೆಯಲ್ಲಿ ಕುಡಿತ ಬಿಡಿಸುವುದಕ್ಕೆ ಗೊತ್ತಿದ್ದದ್ದು ಒಂದೇ ದಾರಿ, ಆಣೆ. ಅಪ್ಪ ಶಿಕಾರಿಪುರದ ಹುಚ್ಚರಾಯಸ್ವಾಮಿಯ ಮುಂದೆ ಆಣೆ ಮಾಡಿದ್ದರು. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥನ ಸನ್ನಿಧಿಯಲ್ಲಿ ಆಣೆ ಮಾಡಿದ್ದರು. ನನ್ನ ತಲೆ ಮುಟ್ಟಿಯೂ ಮಾಡಿದ್ದರು. ಆ ಕ್ಷಣಕ್ಕೆ ಅವರ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರುತ್ತಿರಲಿಲ್ಲ, ಅದನ್ನು ಇವತ್ತಿಗೂ ನಾನು ನಂಬುತ್ತೇನೆ. ಆದರೆ ಆಣೆ ಮಾಡಿದ ಮರುದಿನ ಸಂಜೆ ಆರು ಗಂಟೆಗೆ ಏನು ಮಾಡಬೇಕು, ಯಾರ ಜೊತೆ ಕೂರಬೇಕು, ನಡುಗುವ ಕೈಯನ್ನು ಎಲ್ಲಿಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಬಳದ ದಿನವೋ ಯಾರದೋ ಮದುವೆಯೋ ಬಂದರೆ ಆಣೆ ಮುರಿಯುತ್ತಿತ್ತು. ಕುಡಿತದ ಜೊತೆಗೆ ದೇವರಿಗೆ ಮಾತು ತಪ್ಪಿದ ಪಾಪವೂ ಅವರ ತಲೆಯ ಮೇಲೆ ಕೂರುತ್ತಿತ್ತು. ಆ ಭಾರಕ್ಕೆ ಇನ್ನಷ್ಟು ಕುಡಿಯುತ್ತಿದ್ದರು. ಅರವತ್ತು ತುಂಬುವ ಮೊದಲೇ ಲಿವರ್ ಹಾಳಾಗಿ ಹೋದರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ, ಅವರು ಹೋಗಿ ಬಹಳ ಕಾಲವಾದ ಮೇಲೆ.

ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಗೆ ಬಂದದ್ದೂ ಅಪ್ಪ ಹೋದ ಮೇಲೆಯೇ. ಎಂಟು ದಿನ ಊರಿನ ಕಲ್ಯಾಣಮಂಟಪದಲ್ಲೋ ಸಭಾಭವನದಲ್ಲೋ ಇರಿಸಿಕೊಳ್ಳುತ್ತಾರೆ. ಯೋಗ, ಭಜನೆ, ಆಪ್ತಸಮಾಲೋಚನೆ ಇರುತ್ತವೆ, ಹೆಂಡತಿ ಮಕ್ಕಳನ್ನು ಕರೆಸಿ ಮಾತಾಡಿಸುತ್ತಾರೆ. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನದು. ಕುಡಿತ ಬಿಟ್ಟವರು ನವಜೀವನ ಸಮಿತಿ ಅಂತ ಮಾಡಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಅಪ್ಪನಿಗೆ ಸಿಕ್ಕದೆ ಹೋದದ್ದು ಅದು.

ವರ್ಷಗಳ ಮೇಲೆ, ನಾವಿಬ್ಬರೂ ನೆಲೆಸಿದ್ದ ಕ್ಯಾಲಿಫೋರ್ನಿಯಾದಲ್ಲಿ ಅಣ್ಣನೂ ಕುಡಿತಕ್ಕೆ ಬಿದ್ದು ಅವನಿಗೆ ದಾರಿ ಹುಡುಕಬೇಕಾಗಿ ಬಂದಾಗ ಕಷ್ಟ ತಿರುಗುಮುರುಗಾಗಿತ್ತು. ಅಲ್ಲಿ ದಾರಿಗಳೇ ಹೆಚ್ಚು. ನಾನಿದ್ದದ್ದು ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್‌ನಲ್ಲಿ, ಆರ್ಟೀಷಿಯಾದ ನಮ್ಮವರ ಅಂಗಡಿ ಬೀದಿಗೆ ಹತ್ತಿರ. ಅಣ್ಣ ಇದ್ದದ್ದು ಸ್ಯಾನ್ ಡಿಯಾಗೋದ ಮೀರಾ ಮೇಸಾದಲ್ಲಿ. ನಡುವೆ ನೂರು ಮೈಲಿಗೆ ಸಮೀಪದ ಹೆದ್ದಾರಿ. ಅವನು ಚಿಪ್ ವಿನ್ಯಾಸದ ಎಂಜಿನಿಯರ್. ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ನೂರಕ್ಕೂ ಹೆಚ್ಚು ಬಿಯರ್ ತಯಾರಿಸುವ ಘಟಕಗಳಿವೆ. ಅವುಗಳಲ್ಲಿ ಬಹಳಷ್ಟು ಅವನ ಆಫೀಸಿನಿಂದ ಮನೆಗೆ ಬರುವ ಮಿರಮಾರ್ ದಾರಿಯ ಆಸುಪಾಸಿನಲ್ಲೇ ಇವೆ. ಮೊದಲು ಶುಕ್ರವಾರ ಸಂಜೆ ಸಹೋದ್ಯೋಗಿಗಳ ಜೊತೆ ಕುಡಿಯುತ್ತಿದ್ದ. ಆಮೇಲೆ ಎಲ್ಲ ಸಂಜೆಯೂ ಒಬ್ಬನೇ ಕುಡಿಯತೊಡಗಿದ. ಕೊನೆಗೆ ಮನೆಯ ಗ್ಯಾರೇಜಿನಲ್ಲಿ ವೋಡ್ಕಾ.

ನಮ್ಮ ಬಳಗದಲ್ಲಿ ಅವನ ಬಗ್ಗೆ ಒಂದು ಮೆಚ್ಚುಗೆಯ ಮಾತು ಓಡಾಡುತ್ತಿತ್ತು: "ಎಷ್ಟು ಹಾಕಿದ್ರೂ ಅವನಿಗೆ ಏನೂ ಆಗಲ್ಲ ಮಾರಾಯ." ತೂರಾಡುವುದಿಲ್ಲ, ಮಾತು ತೊದಲುವುದಿಲ್ಲ, ಬೆಳಿಗ್ಗೆ ಏಳು ಗಂಟೆಗೆ ಸ್ನಾನ ಮಾಡಿ ಆಫೀಸಿಗೆ ಹೊರಡುತ್ತಾನೆ. ಅದೇ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಮಾರ್ಕ್ ಶುಕಿಟ್ ಇದರ ಮೇಲೆ ತಮ್ಮ ಜೀವಮಾನವನ್ನೇ ಸವೆಸಿದ್ದಾರೆ ಎಂದು ನನಗೆ ಗೊತ್ತಾದದ್ದು ತಡವಾಗಿ. 1978ರಲ್ಲಿ ಶುರುವಾದ ಅವರ ಅಧ್ಯಯನದಲ್ಲಿ 453 ಯುವಕರಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಯಾರಿಗೆ ಎಷ್ಟು ಅಮಲೇರುತ್ತದೆ ಎಂದು ನೋಡಿ, ಆಮೇಲೆ ದಶಕಗಳ ಕಾಲ ಅವರ ಬದುಕನ್ನು ಹಿಂಬಾಲಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಮದ್ಯವ್ಯಸನಿ ತಂದೆಯರ ಮಕ್ಕಳು. ಕುಡಿದರೂ ಹೆಚ್ಚೇನೂ ಆಗದವರೇ ಮುಂದೆ ವ್ಯಸನಕ್ಕೆ ಬೀಳುವುದು ಹೆಚ್ಚು, ಈ ಗುಣ ರಕ್ತದಲ್ಲಿ ಬರುವಂಥದ್ದು ಎಂದು ಅದರಿಂದ ಕಂಡುಬಂತು. ಸಾಕು ಎಂದು ದೇಹ ಹೇಳುವುದೇ ಇಲ್ಲ, ಹಾಗಾಗಿ ಕುಡಿಯುವುದು ನಿಲ್ಲುವುದಿಲ್ಲ. ನಮ್ಮ ಮದುವೆಮನೆಗಳಲ್ಲಿ, ನೆಂಟರ ಮನೆಗಳಲ್ಲಿ ಯಾವ ಹುಡುಗನ ಬೆನ್ನು ತಟ್ಟಿ "ಗಟ್ಟಿ ಪಿಂಡ" ಅನ್ನುತ್ತಾರೋ ಅವನ ಬಗ್ಗೆಯೇ ಎಚ್ಚರ ಇರಬೇಕು. ಅಪ್ಪನನ್ನೂ ಊರಿನವರು ಹಾಗೆಯೇ ಹೊಗಳುತ್ತಿದ್ದರು.

ಒಂದು ರಾತ್ರಿ ಅಣ್ಣ ಗಾಡಿ ಓಡಿಸುವಾಗ ಪೊಲೀಸರಿಗೆ ಸಿಕ್ಕಿಬಿದ್ದ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ರಕ್ತದ ಮದ್ಯದ ಮಿತಿ ಶೇ. 0.08. ಅವನದು ಅದಕ್ಕಿಂತ ಬಹಳ ಮೇಲಿತ್ತು. ಗ್ರೀನ್ ಕಾರ್ಡ್ ಬಂದಿದ್ದರಿಂದ ಒಂದು ಮಟ್ಟಿಗೆ ಬಚಾವಾದ. ವೀಸಾದ ಮೇಲಿರುವವರ ಸ್ಥಿತಿ ಇನ್ನೂ ಕಠಿಣ. 2015ರಿಂದ ಇಂಥ ಬಂಧನವಾದರೆ ತಪ್ಪು ಸಾಬೀತಾಗುವ ಮೊದಲೇ ವೀಸಾ ರದ್ದು ಮಾಡುವ ಪದ್ಧತಿ ಬಂದಿದೆ. ನಮ್ಮ ಹುಡುಗರು ಡಾಕ್ಟರ ಹತ್ತಿರವೂ ಬಾಯಿ ಬಿಡದಿರುವುದಕ್ಕೆ ಈ ಹೆದರಿಕೆಯೂ ಒಂದು ಕಾರಣ.

ಸುದ್ದಿ ಶಿಕಾರಿಪುರಕ್ಕೆ ಮುಟ್ಟಿತು. ಅಮ್ಮ ಫೋನಿನಲ್ಲಿ ಅತ್ತು, "ನನ್ನ ಮೇಲೆ ಆಣೆ ಮಾಡು" ಎಂದರು. ಅಣ್ಣ ಮಾಡಿದ. ಆ ರಾತ್ರಿಯೇ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದ. ಮರುದಿನ ಕೈ ನಡುಕ, ಬೆವರು. ಎರಡನೆಯ ರಾತ್ರಿ ನಿದ್ದೆ ಇಲ್ಲ. ಮೂರನೆಯ ದಿನ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೈಯಿಂದ ಒರೆಸತೊಡಗಿದ. ಅತ್ತಿಗೆ ನನಗೆ ಫೋನ್ ಮಾಡಿದಾಗ ಅವನು ಹಿಂದೆ ಅಪ್ಪನ ಜೊತೆ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು.

ಹೆಚ್ಚು ಕಾಲ, ಹೆಚ್ಚು ಪ್ರಮಾಣದಲ್ಲಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂಬುದನ್ನು ಕನ್ನಡ ಓದುವ ಪ್ರತಿ ಮನೆಗೂ ಮುಟ್ಟಿಸಬೇಕು ಎಂದು ನನಗೆ ಅನ್ನಿಸುವುದು ಆ ದಿನದ ಕಾರಣಕ್ಕೆ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ಅದನ್ನು ಎದುರಿಸಲು ಮಿದುಳು ತನ್ನನ್ನು ತಾನೇ ಕೆರಳಿಸಿಕೊಂಡು ಕೆಲಸ ಮಾಡುವುದನ್ನು ಕಲಿಯುತ್ತದೆ. ಮದ್ಯ ನಿಂತರೂ ಆ ಕೆರಳಿಕೆ ಉಳಿದಿರುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಭ್ರಮೆ, ಜ್ವರ, ಹಿಡಿತ ತಪ್ಪಿದ ಎದೆಬಡಿತ ಶುರುವಾಗಬಹುದು. ಆಸ್ಪತ್ರೆಯಲ್ಲಿ ಬೆಂಜೋಡಯಜೆಪಿನ್ ಜಾತಿಯ ಔಷಧ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ, ಬಿ1 ಜೀವಸತ್ವ ಕೊಟ್ಟು ಮಿದುಳನ್ನು ಕಾಪಾಡುತ್ತಾರೆ. ಕೆಲವು ದಿನಗಳ ಕೆಲಸ ಅಷ್ಟೇ, ಆದರೆ ಮೊದಲು ಆಗಬೇಕಾದ ಕೆಲಸ. ದಾರಿ ಯಾವುದು ಎಂಬ ಮಾತೆಲ್ಲ ಆಮೇಲಿನದು. ಮಗನನ್ನು ಉಳಿಸಲು ಅಮ್ಮ ಹಾಕಿಸಿದ ಆಣೆ ಅವನ ಜೀವವನ್ನೇ ತೆಗೆಯುವುದರಲ್ಲಿತ್ತು. ಹಾಗೆಂದು ಅಮ್ಮನಿಗೆ ನಾವು ಯಾವತ್ತೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಅವನನ್ನು ಕೇಳಿದರು, "ದಿನಕ್ಕೆ ಎಷ್ಟು ಕುಡಿಯುತ್ತೀರಿ?" ಬಿ.ಪಿ. ಎಷ್ಟು ಎಂದು ಕೇಳುವ ಧ್ವನಿಯಲ್ಲೇ ಕೇಳಿದರು. ಅಣ್ಣ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ಬರೆದುಕೊಂಡರು. ಅತ್ತಿಗೆ ಆ ಲೆಕ್ಕ ಕೇಳಿದ್ದು ಅದೇ ಮೊದಲು. ಮುಖ ಬೇರೆ ಕಡೆಗೆ ತಿರುಗಿಸಿಕೊಂಡರು. ಅಮೆರಿಕದ ವೈದ್ಯ ಸಂಘ ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿಕೊಂಡದ್ದು 1956ರಲ್ಲಿ ಎಂದು ನಾನು ಓದಿದ್ದೆ. ಒಪ್ಪಿಕೊಳ್ಳುವುದು ಅಂದರೆ ಹೇಗಿರುತ್ತದೆ ಎಂದು ಆ ಮಂಚದ ಪಕ್ಕದಲ್ಲಿ ಕಂಡೆ.

ಮನೆಗೆ ಬಂದ ಮೇಲೆ ಆಯ್ಕೆಯ ಪ್ರಶ್ನೆ ಎದ್ದಿತು. ಅತ್ತಿಗೆಗೆ ಸಂದೇಹವೇ ಇರಲಿಲ್ಲ: "ಲಾಸ್ ಏಂಜಲೀಸ್‌ನಲ್ಲಿ ಎಲ್ಲಾದರೂ ಸೇರಿಸೋಣ. ಇಲ್ಲಿ ಯಾರ ಕಣ್ಣಿಗೂ ಬೀಳೋದು ಬೇಡ. ಆಫೀಸಿನ ಕೆಲಸದ ಮೇಲೆ ಹೋಗಿದ್ದಾರೆ ಅಂತ ಹೇಳಿದ್ರಾಯ್ತು." ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಮಗಳು ಹೈಸ್ಕೂಲಿನಲ್ಲಿದ್ದಳು. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಸೇರುವ ಜನರೆಲ್ಲ ಒಬ್ಬರಿಗೊಬ್ಬರು ಗೊತ್ತು. ನಾನು ಈ ಕಡೆಯ ಜಾಗಗಳನ್ನು ನೋಡಲು ಹೊರಟೆ.

ಮಲಿಬುವಿನಲ್ಲಿ ಸಮುದ್ರ ಕಾಣುವ ಕೋಣೆಗಳಿದ್ದವು, ತಿಂಗಳಿಗೆ ಹತ್ತಾರು ಸಾವಿರ ಡಾಲರ್. ಆರೆಂಜ್ ಕೌಂಟಿಯ ಕರಾವಳಿಯಲ್ಲಿ ಬೀದಿಗೊಂದರಂತೆ ವ್ಯಸನಮುಕ್ತಿ ಮನೆಗಳು. 2017ರಲ್ಲಿ ಅಲ್ಲಿನ ಪತ್ರಿಕೆಗಳು ಈ ಪ್ರದೇಶಕ್ಕೆ 'ರಿಹ್ಯಾಬ್ ರಿವಿಯೆರಾ' ಎಂದು ಹೆಸರಿಟ್ಟು ಒಳಗಿನ ಕಥೆ ಬಯಲು ಮಾಡಿದ್ದವು: ಒಳ್ಳೆಯ ಇನ್ಶೂರೆನ್ಸ್ ಇರುವ ರೋಗಿಯನ್ನು ಕರೆತಂದವರಿಗೆ ದಲ್ಲಾಳಿ ಹಣ, ವಿಮಾನದ ಟಿಕೆಟ್ಟು, ಇನ್ಶೂರೆನ್ಸ್ ಮುಗಿದ ದಿನ ಬೀದಿ. ಮರುವರ್ಷ ಇದನ್ನು ತಡೆಯಲು ರಾಜ್ಯ ಕಾನೂನು ಮಾಡಿತು. ಪ್ರಾಮಾಣಿಕವಾಗಿ ನಡೆಸುವವರೂ ಇದ್ದಾರೆ, ಅವರನ್ನು ಈ ಸಾಲಿಗೆ ಸೇರಿಸಬಾರದು. ಆದರೂ ಫೋನಿನಲ್ಲಿ ನಿಮ್ಮ ಹೆಸರಿಗಿಂತ ಮೊದಲು ಇನ್ಶೂರೆನ್ಸ್ ಯಾವುದು ಎಂದು ಕೇಳಿದರೆ ಆ ಫೋನ್ ಇಟ್ಟುಬಿಡಿ.

ಸಾಂಟಾ ಮೋನಿಕಾದಲ್ಲಿ ಒಬ್ಬ ಮುದುಕರು ನನಗೆ ಸಿನನಾನ್ ಕಥೆ ಹೇಳಿದರು. ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಎಂಬ ಸ್ವಸಹಾಯ ಗುಂಪಿನ ಸಭೆಗಳಿಂದ ಬಂದ ಚಾರ್ಲ್ಸ್ ಡೆಡೆರಿಕ್ ಎಂಬಾತ 1958ರಲ್ಲಿ ಅಲ್ಲಿನ ಕಡಲತೀರದಲ್ಲಿ ಶುರು ಮಾಡಿದ ಮನೆ ಅದು. ಬೇರೆಲ್ಲರೂ ಕೈಬಿಟ್ಟ ಮಾದಕವ್ಯಸನಿಗಳನ್ನು ಸೇರಿಸಿಕೊಂಡು ದೇಶವೇ ಬೆರಗಾಗುವಂತೆ ಬೆಳೆಯಿತು. ವೃತ್ತದಲ್ಲಿ ಕೂರಿಸಿ ಒಬ್ಬರನ್ನೊಬ್ಬರು ಬೈದು ಒಡೆಯುವುದು ಅವರ ಚಿಕಿತ್ಸೆ. ಬರಬರುತ್ತ ಯಾರೂ ಬಿಟ್ಟು ಹೋಗುವಂತಿಲ್ಲ, ಡೆಡೆರಿಕ್ ಹೇಳಿದ್ದೇ ಧರ್ಮ ಎಂದಾಯಿತು. 1978ರಲ್ಲಿ ಅವರ ವಿರುದ್ಧ ವಾದಿಸಿದ ವಕೀಲ ಪಾಲ್ ಮೊರಾಂಟ್ಜ್ ಅವರ ಅಂಚೆಪೆಟ್ಟಿಗೆಯೊಳಗೆ ಬುಡಬುಡಿಕೆ ಹಾವನ್ನು ಬಿಟ್ಟರು. ಹಾವು ಕಚ್ಚಿತು, ಅವರು ಬದುಕಿಕೊಂಡರು. ಮುದುಕರು ಹೇಳಿದ್ದು ಇಷ್ಟೇ: "ಬಾಗಿಲು ಒಳಗಿನಿಂದ ತೆರೆಯುತ್ತದೆಯೋ ಇಲ್ಲವೋ ನೋಡಿಕೋ."

ಕೊನೆಗೆ ಒಂದು ಒಳ್ಳೆಯ ಜಾಗ ಸಿಕ್ಕಿತು. ಅಣ್ಣನನ್ನು ಕರೆದುಕೊಂಡು ಹೋದೆ. ಅಲ್ಲಿನವರು ಮೂವತ್ತು ದಿನದ ಕಾರ್ಯಕ್ರಮವನ್ನು ವಿವರಿಸಿದರು. ಅಣ್ಣ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ಮೂವತ್ತೊಂದನೆಯ ದಿನ ಸಂಜೆ ಮೀರಾ ಮೇಸಾದಲ್ಲಿ ನಾನು ಯಾರಿಗೆ ಫೋನ್ ಮಾಡಲಿ?" ಅವರು ಪ್ರಾಮಾಣಿಕರು, ಅದಕ್ಕೆ ಉತ್ತರ ತಮ್ಮ ಬಳಿ ಇಲ್ಲ ಎಂದರು. ಹಿಂದಿರುಗುವಾಗ ಕಾರಿನಲ್ಲಿ ಅವನೆಂದ, "ನಾನು ಕುಡಿದದ್ದು ಅಲ್ಲಿ ಪುಟ್ಟಿ. ಬಿಡೋದೂ ಅಲ್ಲೇ ಆಗ್ಬೇಕು. ಯಾರಾದ್ರೂ ನೋಡಿದ್ರೆ ನೋಡ್ಲಿ." ಅತ್ತಿಗೆ ಒಂದು ವಾರ ಅವನ ಜೊತೆ ಮಾತು ಬಿಟ್ಟರು. ಅವನ ಮಾತೇ ಸರಿ ಎಂದು ನಾನು ಅವತ್ತೂ ನಂಬಿದ್ದೆ, ಇವತ್ತೂ ನಂಬುತ್ತೇನೆ. ಮರ್ಯಾದೆ ಉಳಿಸಿಕೊಳ್ಳಲು ಮನೆಯವರು ಆರಿಸುವ ದಾರಿ ರೋಗಿಯನ್ನು ಅಡಗಿಸಿಡುತ್ತದೆ. ಕುಡಿತ ಬೆಳೆದದ್ದೂ ಅಂಥದೇ ಅಡಗುತಾಣದಲ್ಲಿ, ಅವನ ಗ್ಯಾರೇಜಿನಲ್ಲಿ.

ಹಾಗೆಂದು ಮುಂದಿನದು ಸಲೀಸಾಗಿರಲಿಲ್ಲ. ಸ್ವಸಹಾಯ ಸಭೆಗಳಿಗೆ ಹೋಗಿ ಚೀಟಿಗೆ ಸಹಿ ಹಾಕಿಸಿಕೊಂಡು ಬರಬೇಕು ಎಂಬ ಷರತ್ತು ಕೋರ್ಟಿನಿಂದ ಬಂದಿತ್ತು. 1935ರಲ್ಲಿ ಓಹಾಯೋದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಅಲ್ಲಿ ಊರೂರಿನಲ್ಲಿದೆ. ಅವನು ಮೊದಲು ಹೋದ ಸಭೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಕೊನೆಯಲ್ಲಿ ಎಲ್ಲರೂ ಕೈ ಹಿಡಿದು ಕ್ರೈಸ್ತ ಪ್ರಾರ್ಥನೆ ಹೇಳಿದರು. ಅಣ್ಣ ಹೊರಗೆ ಬಂದು ಕಾರಿನಲ್ಲಿ ಕೂತ. "ನಾನು ಹುಚ್ಚರಾಯನ ಊರಿನವನು. ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಇಟ್ಕೊಂಡು ಇದನ್ನ ಹೇಗೆ ಹೇಳ್ಲಿ? ಸುಳ್ಳು ಹೇಳಿ ಹೇಳಿಯೇ ಇಲ್ಲಿಗೆ ಬಂದಿದ್ದೀನಲ್ಲ."

ಅವನ ವಕೀಲರು ಒಂದು ವಿಷಯ ತಿಳಿಸಿದರು. ಹವಾಯಿಯ ರಿಕಿ ಇನೊಯೆ ಎಂಬ ಬೌದ್ಧ ವ್ಯಕ್ತಿಯನ್ನು ಪೆರೋಲ್ ಷರತ್ತಾಗಿ ಎಎಯಂಥ ಹನ್ನೆರಡು ಹೆಜ್ಜೆಗಳ ಸಭೆಗೆ ಕಡ್ಡಾಯವಾಗಿ ಕಳಿಸಿದ್ದು ಸಂವಿಧಾನಕ್ಕೆ ವಿರುದ್ಧ ಎಂದು 2007ರಲ್ಲಿ ಒಂಬತ್ತನೆಯ ಸರ್ಕೀಟಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಕ್ಯಾಲಿಫೋರ್ನಿಯಾವೂ ಆ ನ್ಯಾಯಾಲಯದ ವ್ಯಾಪ್ತಿಗೇ ಸೇರಿದ್ದು. ಹಾಗಾಗಿ ದೇವರ ಮಾತಿಲ್ಲದ ಗುಂಪುಗಳಿಗೆ ಹೋಗುವ ಹಕ್ಕು ಅವನಿಗಿತ್ತು. ಅಂಥವೂ ಅಲ್ಲಿ ಬೇಕಾದಷ್ಟು. 1980ರ ದಶಕದಲ್ಲಿ ಜೇಮ್ಸ್ ಕ್ರಿಸ್ಟೋಫರ್ ನಾರ್ತ್ ಹಾಲಿವುಡ್‌ನಲ್ಲಿ ದೇವರನ್ನು ಬಿಟ್ಟು ಕುಡಿತ ಬಿಡುವವರ ಗುಂಪು ಕಟ್ಟಿದ್ದರು. 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ, ಕುಡಿಯಬೇಕು ಎಂಬ ಆಸೆ ಎದ್ದಾಗ ಅದನ್ನು ಹೇಗೆ ಗಮನಿಸಬೇಕು, ಹೇಗೆ ದಾಟಿಸಬೇಕು ಎಂದು ಮನಶ್ಶಾಸ್ತ್ರದ ಉಪಾಯಗಳನ್ನು ಕಲಿಸುತ್ತದೆ. ಎಂಜಿನಿಯರ್ ಬುದ್ಧಿಯ ಅಣ್ಣನಿಗೆ ಅದು ಹಿಡಿಸಿತು.

ಹಿಡಿಸಿದರೂ ಎಎ ಸಭೆಯ ಕೆಲವು ಮುಖಗಳು ಅವನನ್ನು ಬಿಡಲಿಲ್ಲ. ಆ ದಿನಗಳಲ್ಲೇ ನಾವಿಬ್ಬರೂ ನಮ್ಮ ಎರಡು ಊರುಗಳ ನಡುವಿನ ಟ್ರಬೂಕೋ ಕಣಿವೆಗೆ ಹೋದೆವು. ಅಲ್ಲಿ ರಾಮಕೃಷ್ಣ ಮಠವಿದೆ. 1942ರಲ್ಲಿ ಜೆರಾಲ್ಡ್ ಹರ್ಡ್ ಎಂಬ ಇಂಗ್ಲಿಷ್ ಲೇಖಕರು ಧ್ಯಾನದ ಕಾಲೇಜಾಗಿ ಕಟ್ಟಿಸಿದ ಜಾಗ. ಹಾಲಿವುಡ್‌ನ ಸ್ವಾಮಿ ಪ್ರಭವಾನಂದರಿಂದ ವೇದಾಂತ ಕಲಿತವರು ಅವರು. 1949ರಲ್ಲಿ ಅದನ್ನು ವೇದಾಂತ ಸಂಸ್ಥೆಗೆ ಬಿಟ್ಟುಕೊಟ್ಟರು. ಎಎ ಸ್ಥಾಪಿಸಿದ ಬಿಲ್ ವಿಲ್ಸನ್ 1940ರ ದಶಕದಲ್ಲಿ ಇದೇ ಟ್ರಬೂಕೋಕ್ಕೆ ಹರ್ಡ್ ಅವರನ್ನು ಕಾಣಲು ಬಂದಿದ್ದರು. ಹರ್ಡ್ ಮೂಲಕ ಆಲ್ಡಸ್ ಹಕ್ಸ್‌ಲಿಯವರ ಸ್ನೇಹವೂ ಆಯಿತು. ಮಠದ ಸುತ್ತಲಿನ ಕಾಲುದಾರಿಯಲ್ಲಿ ಬೇರೆ ಬೇರೆ ಧರ್ಮಗಳ ಪುಟ್ಟ ಗುಡಿಗಳಿವೆ. ಅವುಗಳ ನಡುವೆ ನಡೆಯುತ್ತ ಅಣ್ಣ ಕೇಳಿದ, "ಹಾಗಾದ್ರೆ ಆ ಮನುಷ್ಯನಿಗೂ ದೇವರು ಅಂದ್ರೆ ಯಾರು ಅನ್ನೋದು ತೀರ್ಮಾನ ಆಗಿರ್ಲಿಲ್ವಾ?" ಆಗಿರಲಿಲ್ಲ ಎಂದೇ ನನಗೆ ಕಾಣುತ್ತದೆ. ಅವರು ಕೊನೆಯವರೆಗೂ ಹುಡುಕುತ್ತಿದ್ದವರು. 1956ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು ನೋಡಿದವರು, ಬೇರೆ ಯಾವುದರಿಂದಲೂ ಗುಣವಾಗದ ಕುಡುಕರಿಗೆ ಇದರಿಂದಲಾದರೂ ಉಪಯೋಗವಾದೀತೇ ಎಂಬ ಆಸೆಯಿಂದ. ಅಣ್ಣ ಮತ್ತೆ ಎಎ ಸಭೆಗೆ ಹೋದ. ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ನಿಲ್ಲುತ್ತೇನೆ ಎಂದ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಇದೇ ಹೊತ್ತಿಗೆ ಊರಿನಿಂದ ಅಮ್ಮ ಇನ್ನೊಂದು ದಾರಿ ಹೇಳಿದರು. ಕುಡಿತ ಬಿಡಿಸುವ ಪುಡಿಯೊಂದಿದೆಯಂತೆ, ಸಾರಿನಲ್ಲಿ ಬೆರೆಸಿದರೆ ಅವನಿಗೆ ಗೊತ್ತೇ ಆಗುವುದಿಲ್ಲವಂತೆ, ಯಾರ ಕೈಯಲ್ಲಾದರೂ ಕಳಿಸಲಾ ಎಂದರು. ಅಂಥ ಪುಡಿಗಳಲ್ಲಿ ಏನಿರುತ್ತದೋ ನಂಬುವಂತಿಲ್ಲ. ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿಮಾಡಿ ಕದ್ದು ಹಾಕುವ ಮನೆಗಳೂ ನಮ್ಮ ನಾಡಿನಲ್ಲಿವೆ. ಆ ಮಾತ್ರೆ ದೇಹದಲ್ಲಿದ್ದಾಗ ಕುಡಿದರೆ ಮದ್ಯ ಅರ್ಧಕ್ಕೆ ಕರಗಿ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪಾಗುತ್ತದೆ, ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ. ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವರಿಗೆ ಅದು ಔಷಧ. ತಿಳಿಯದೆ ಕುಡಿದವನನ್ನು ಅದು ಕೊಲ್ಲಬಹುದು. ಗಂಡನ ಊಟಕ್ಕೆ ಕದ್ದು ಹಾಕುವ ಹೆಂಗಸಿನ ಸಂಕಟ ನನಗೆ ಗೊತ್ತು. ಆದರೂ ಕೈ ಮುಗಿದು ಹೇಳುತ್ತೇನೆ, ಹಾಕಬೇಡಿ.

ಅಣ್ಣನಿಗೆ ವೈದ್ಯರು ಬರೆದುಕೊಟ್ಟದ್ದು ಬೇರೆ ಮಾತ್ರೆ, ನಾಲ್ಟ್ರೆಕ್ಸೋನ್. ಕುಡಿತದ ಚಿಕಿತ್ಸೆಗೆ ಅಮೆರಿಕದಲ್ಲಿ ಇದಕ್ಕೆ 1994ರಲ್ಲೇ ಒಪ್ಪಿಗೆ ಸಿಕ್ಕಿದೆ. ಕುಡಿತದಿಂದ ಬರುವ ಸುಖವನ್ನು ಇದು ಮಂದ ಮಾಡುತ್ತದೆ, ಆಸೆಯ ಎಳೆತ ಸಡಿಲವಾಗುತ್ತದೆ. ಅಣ್ಣ ಅದನ್ನು ಬೆಳಿಗ್ಗೆ ಕಾಫಿಯ ಜೊತೆ ಎಲ್ಲರ ಎದುರಿಗೇ ನುಂಗುತ್ತಿದ್ದ. ಸಭೆಯ ಹಳಬರೊಬ್ಬರು ಮಾತ್ರೆ ತೆಗೆದುಕೊಳ್ಳುವುದು ನಿಜವಾಗಿ ಬಿಟ್ಟಂತಲ್ಲ ಎಂದರು. ಔಷಧದ ವಿಷಯದಲ್ಲಿ ಸದಸ್ಯರು ಡಾಕ್ಟರಾಗಬಾರದು ಎಂದು ಎಎ ಪ್ರಕಟಣೆಯಲ್ಲೇ ಇದೆ ಎಂದು ಇನ್ನೊಬ್ಬರು ಅವರಿಗೆ ತೋರಿಸಿದರು. ಯಾವ ದಾರಿ ಮೇಲು ಎಂಬ ಜಗಳಕ್ಕೆ 1997ರಲ್ಲಿ ಹೊರಬಂದ ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಅಧ್ಯಯನ 1,726 ಜನರನ್ನು ಮೂರು ಬಗೆಯ ಚಿಕಿತ್ಸೆಗೆ ಹಂಚಿ ನೋಡಿತ್ತು. ಮೂರರಲ್ಲೂ ಜನ ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಮಟ್ಟಿಗೆ. 2020ರ ಕಾಕ್ರೇನ್ ವಿಮರ್ಶೆ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎ ದಾರಿಗೆ ಸೇರಿಸುವ ಚಿಕಿತ್ಸೆ ಸ್ವಲ್ಪ ಮುಂದಿದೆ ಎಂದಿತು. ಅಣ್ಣ ಎರಡನ್ನೂ ಓದಿ, ಒಂದನ್ನೇ ಹಿಡಿಯಬೇಕೆಂದು ಎಲ್ಲೂ ಬರೆದಿಲ್ಲವಲ್ಲ ಎಂದು ಮೂರನ್ನೂ ಇಟ್ಟುಕೊಂಡ: ಮಾತ್ರೆ, ಸ್ಮಾರ್ಟ್, ಎಎ.

ಅವನನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಒಂದು ಮನೆ ಎಂದು ನನ್ನ ಭಾವನೆ. ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಬೆಳೆದ ಒಂದು ಪದ್ಧತಿ ಇದೆ, ಸ್ಯಾನ್ ಡಿಯಾಗೋ ಅದರ ಗಟ್ಟಿ ನೆಲೆಗಳಲ್ಲಿ ಒಂದು. ಕುಡಿತ ಬಿಟ್ಟವರೇ ಮನೆ ನಡೆಸುತ್ತಾರೆ, ಹೊಸಬರು ಅವರ ಜೊತೆ ಇದ್ದು ಕಲಿಯುತ್ತಾರೆ. ಅಲ್ಲಿ ರೋಗಿ, ವೈದ್ಯ ಎಂಬ ಭೇದವಿಲ್ಲ. ಅಡುಗೆ, ಕಸ, ಪಾಯಿಖಾನೆ ತೊಳೆಯುವುದು ಎಲ್ಲವೂ ಸರದಿಯಂತೆ. ಅಣ್ಣ ಕೆಲವು ತಿಂಗಳು ಅಂಥ ಮನೆಯಲ್ಲಿದ್ದ, ಅಲ್ಲಿಂದಲೇ ಆಫೀಸಿಗೆ ಹೋಗುತ್ತಿದ್ದ. ಅವನ ಜೊತೆ ನೌಕಾಪಡೆಯಿಂದ ನಿವೃತ್ತನಾದ ಒಬ್ಬ, ಚೂಲಾ ವಿಸ್ಟಾದಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಒಬ್ಬ ಮೆಕ್ಸಿಕನ್, ಮೂರು ಮದುವೆ ಮುರಿದ ಒಬ್ಬ ಬಸ್ ಡ್ರೈವರ್. ಅವನ ಸಂಬಳ, ಅವನ ಡಿಗ್ರಿ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಭಾನುವಾರ ಅವನು ಚಿತ್ರಾನ್ನ ಮಾಡುತ್ತಿದ್ದ. ಬಣ್ಣ ಬಳಿಯುವವನು ಅದಕ್ಕೆ ಹಸಿಮೆಣಸಿನಕಾಯಿ ಇನ್ನೂ ಬೇಕು ಎನ್ನುತ್ತಿದ್ದ. ಸಂಜೆ ಆರು ಗಂಟೆಗೆ, ಅಪ್ಪನನ್ನು ಪ್ರತಿ ಸಲ ಬೀಳಿಸುತ್ತಿದ್ದ ಆ ಹೊತ್ತಿಗೆ, ಅಡುಗೆಮನೆಯಲ್ಲಿ ಹತ್ತು ಜನ ಇರುತ್ತಿದ್ದರು.

ಅತ್ತಿಗೆ ಮೊದಲು ಆ ಮನೆಯ ಬಾಗಿಲಿಗೂ ಬರಲಿಲ್ಲ. ಆಮೇಲೆ ನಾನೇ ಅವರನ್ನು ಅಲ್-ಅನಾನ್ ಸಭೆಗೆ ಕರೆದುಕೊಂಡು ಹೋದೆ. ಕುಡಿಯುವವರ ಮನೆಯವರಿಗೆಂದು ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ 1951ರಲ್ಲಿ ಕಟ್ಟಿದ್ದು ಅದು. ಅತ್ತಿಗೆ ಅಲ್ಲಿ ಏನೂ ಮಾತಾಡಲಿಲ್ಲ. ಹಿಂದಿರುಗುವಾಗ ಮಾತ್ರ, "ಗ್ಯಾರೇಜಿನ ದೀಪ ಆರೋವರೆಗೂ ನಾನು ಎಷ್ಟು ವರ್ಷ ಮಲಗಿಲ್ಲ ಗೊತ್ತಾ?" ಎಂದು ಕೇಳಿದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನೆದುರು ತಮ್ಮ ಕಷ್ಟ ಹೇಳಿಕೊಂಡದ್ದು ಅದೇ ಮೊದಲು. ಆಮೇಲೆ ಅವರೊಬ್ಬರೇ ಹೋಗತೊಡಗಿದರು.

ಈಗ ಆರ್ಟೀಷಿಯಾದಿಂದ, ಅರ್ವೈನಿನಿಂದ ನನಗೆ ಫೋನ್ ಬರುತ್ತದೆ. ಯಾವ ಸೆಂಟರ್ ಒಳ್ಳೆಯದು ಎಂದು ಧ್ವನಿ ತಗ್ಗಿಸಿ ಕೇಳುತ್ತಾರೆ. ಕೆಲವರು ಆ ಪುಡಿಯ ಬಗ್ಗೆಯೂ ಕೇಳುತ್ತಾರೆ. ನಾನು ಫೋನನ್ನು ಅಣ್ಣನಿಗೆ ದಾಟಿಸುತ್ತೇನೆ. ಹಾಗೆ ಸಿಕ್ಕಿದವರೆಲ್ಲ ಸೇರಿ ಭಾನುವಾರ ಬೆಳಿಗ್ಗೆ ಫೋನಿನಲ್ಲೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾರೆ. ಅದು ಊರಿನಲ್ಲಿ ರಾತ್ರಿಯ ಹೊತ್ತಾದ್ದರಿಂದ ಬೆಂಗಳೂರಿನಿಂದ, ದಾವಣಗೆರೆಯಿಂದಲೂ ಒಬ್ಬಿಬ್ಬರು ಸೇರುತ್ತಾರೆ. ಈಚೆಗೆ ಅವರಲ್ಲೊಬ್ಬ ಹುಡುಗ ಮತ್ತೆ ಕುಡಿದ. ಒಂದು ವಾರ ಫೋನಿಗೆ ಬರಲಿಲ್ಲ. ಮುಂದಿನ ಭಾನುವಾರ ಬಂದು, ದೇವರಾಣೆ ಇನ್ನು ಮುಟ್ಟುವುದಿಲ್ಲ, ನಿನ್ನೆ ರಾತ್ರಿಯಿಂದ ನಿಲ್ಲಿಸಿದ್ದೇನೆ ಎಂದು ಅಳಲು ಶುರು ಮಾಡಿದ. ಅಣ್ಣ ಅವನನ್ನು ಅರ್ಧಕ್ಕೇ ತಡೆದ. "ಆಣೆ ಬೇಡ ಕಣಪ್ಪ. ಕೈ ನಡುಗ್ತಿದೆಯಾ, ಅದನ್ನ ಹೇಳು. ನಡುಗ್ತಿದ್ರೆ ಈಗ್ಲೇ ಯಾರನ್ನಾದ್ರೂ ಕರ್ಕೊಂಡು ಆಸ್ಪತ್ರೆಗೆ ಹೊರಡು. ನಾನು ಲೈನಲ್ಲೇ ಇರ್ತೀನಿ."